ಏಜೆಂಟರ ಸಿಹಿ ಸಿಕ್ಕಿತು

ಸಂತೆಯ ದಿನ. ಬೆಳಗಿನ ಹತ್ತು ಗಂಟೆ. ಶಿರಾಳಕೊಪ್ಪದ ಬಸ್ ಸ್ಟ್ಯಾಂಡು. ಐವತ್ತೊಂದು ವರ್ಷದ, ಕೋಟು ಹಾಕಿದ, ತಕ್ಕಮಟ್ಟಿಗೆ ಮರ್ಯಾದಸ್ಥ ಎನಿಸಿಕೊಂಡ ಮನುಷ್ಯನೊಬ್ಬ ಹೊಸ ಬುಟ್ಟಿಯೊಂದರೊಳಗೆ ಮುಖ ತೂರಿಸಿಕೊಂಡು ನಿಂತಿದ್ದಾನೆ. ಉಸಿರು ಎಳೆಯುತ್ತಾನೆ. ಬಿಡುತ್ತಾನೆ. ಮತ್ತೆ ಎಳೆಯುತ್ತಾನೆ. ಸುತ್ತ ಜನ ಸೇರಿದ್ದಾರೆ.

ಆ ಮನುಷ್ಯ ನಾನೇ.

"ಏನ್ರೀ ಯಜಮಾನ್ರೆ, ಬುಟ್ಟಿ ಕೊಳ್ತೀರೋ, ಬರೇ ಮೂಸ್ತೀರೋ?" ಎಂದಳು ಬುಟ್ಟಿ ಮಾರುವವಳು.

ನಾನು ಮತ್ತೊಮ್ಮೆ ಮೂಸಿದೆ. ನಲವತ್ತೈದು ವರ್ಷದಿಂದ ನಾನು ಕಳೆದುಕೊಂಡಿದ್ದದ್ದು ಆ ಬುಟ್ಟಿಯ ತಳದಲ್ಲಿತ್ತು! (ಬುಟ್ಟಿ ಖಾಲಿಯಿತ್ತು ಅನ್ನುವುದು ಬೇರೆ ಮಾತು.)

ತಾಳಿ, ಮೊದಲಿನಿಂದ ಹೇಳುತ್ತೇನೆ.

ಅದಕ್ಕೆ ಎರಡು ತಿಂಗಳ ಹಿಂದೆ ಶಿಕಾರಿಪುರದಲ್ಲಿ ಒಂದು ಮದುವೆ ಊಟ. ಪಂಕ್ತಿಯಲ್ಲಿ ನನ್ನ ಅಕ್ಕಪಕ್ಕ ಕೂತವರು ನಾಲ್ಕೈದು ಜನ ಗುರುತಿನವರು. ಹೋಳಿಗೆ ಬಡಿಸಿದ ಕೂಡಲೇ ವಾದ ಹತ್ತಿಕೊಂಡಿತು. ಲೋಕದಲ್ಲಿ ಅತ್ಯುತ್ತಮವಾದ ಸಿಹಿ ಯಾವುದು? ಒಬ್ಬರು ಹೋಳಿಗೆ ಅಂದರು. ಒಬ್ಬರು ಶಾವಿಗೆ ಪಾಯಸ ಅಂದರು. ಇನ್ನೊಬ್ಬರು ಕಣ್ಣು ಮುಚ್ಚಿಕೊಂಡು ಕರಿಗಡುಬು ಅಂದರು. ನನ್ನ ಸರದಿ ಬಂತು.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ.

"ಅದು... ಮುತ್ತುಗದ ಎಲೆ ಮೇಲೆ ಬಡಿಸಿದ್ದರು. ಬಿಸಿಯಾಗಿತ್ತು. ಕಂದು ಬಣ್ಣ. ಗಟ್ಟಿಯೂ ಅಲ್ಲ, ನೀರೂ ಅಲ್ಲ. ಕಾಳು ಕಾಳು. ಹಲ್ಲಿಗೆ ಸಿಕ್ಕಿದರೆ ಟಪ್ ಅನ್ನುತ್ತಿತ್ತು. ಬೆಲ್ಲ ಇತ್ತು, ಕಾಯಿತುರಿ ಇತ್ತು. ಮತ್ತೆ ಏನೋ ಒಂದು ವಾಸನೆ..."

"ಏನು ವಾಸನೆ?"

"ಗೊತ್ತಿಲ್ಲ. ಈಗ ಬಂದರೆ ಹೇಳಬಲ್ಲೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನೂ ನಕ್ಕ. "ಏಜೆಂಟ್ರೆ, ಹೆಸರಿಲ್ಲದ ಸಿಹಿ ನಮ್ಮಲ್ಲಿ ಇಲ್ಲ, ಸದ್ಯಕ್ಕೆ ಹೋಳಿಗೆ ಹಾಕಿಸ್ಕೊಳ್ರಿ" ಅಂದ.

ನನ್ನ ಹಟ ನಿಮಗೆ ಗೊತ್ತಿದೆ. ಈ ಅಂಕಣವನ್ನು ವಾರವಾರ ಓದುವವರು ಅದನ್ನು ಸಾಕಷ್ಟು ಸಹಿಸಿದ್ದೀರಿ. ಆ ಸಿಹಿಯ ಹೆಸರು ಹುಡುಕದೆ ಬಿಡುವುದಿಲ್ಲ ಎಂದು ಕೈ ತೊಳೆಯುವ ಮೊದಲೇ ತೀರ್ಮಾನ ಮಾಡಿದೆ.

ನಾನು ಅದನ್ನು ತಿಂದದ್ದು ಒಂದೇ ಸಲ. ಸೊರಬದ ಹತ್ತಿರದ ನಮ್ಮ ಹಳ್ಳಿಯಲ್ಲಿ. ಆಗ ನನಗೆ ಐದೋ ಆರೋ ವರ್ಷ. ಅವ್ವ ಬಡಿಸಿದ್ದಳು. ಪಕ್ಕದಲ್ಲಿ ನನಗಿಂತ ಏಳು ವರ್ಷಕ್ಕೆ ದೊಡ್ಡವಳಾದ ಗೌರಕ್ಕ ಕೂತಿದ್ದಳು. ಅವ್ವ "ಇವತ್ತು ಹಬ್ಬ" ಅಂದಿದ್ದಳು. ನಾನು ಎಲೆಯನ್ನು ಎರಡು ಸಲ ನೆಕ್ಕಿದ್ದೆ. ಇಷ್ಟೇ ನೆನಪು. ಯಾವ ಹಬ್ಬ? ಗೊತ್ತಿಲ್ಲ. ನನಗೆ ಹತ್ತು ತುಂಬುವ ಮೊದಲೇ ಅವ್ವ ಹೋದಳು. ಕೇಳಬೇಕಾದವಳೇ ಇಲ್ಲ.

ಗೌರಕ್ಕ ಇದ್ದಾಳಲ್ಲ, ಅವಳನ್ನು ಕೇಳಬಾರದೆ? ಅನ್ನುತ್ತೀರಿ. ಕೇಳಿದ್ದೆ. ಒಂದು ಸಲವಲ್ಲ, ಹತ್ತು ಸಲ. ಅವಳು ಮದುವೆಯಾಗಿ ಸೊರಬ ಪೇಟೆಯಲ್ಲೇ ಇದ್ದಾಳೆ. ಹೋದಾಗಲೆಲ್ಲ ಕೇಳುತ್ತಿದ್ದೆ. ಪ್ರತಿ ಸಲವೂ ಒಂದೇ ಉತ್ತರ.

"ನಿಂಗೆ ಕನಸು ಬಿದ್ದಿರಬೇಕು, ತಮ್ಮಾ."

ಹಾಗೆಂದು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಎಮ್ಮೆ ಕರೆಯುವ ಹೊತ್ತಲ್ಲದಿದ್ದರೂ ಹೋಗುತ್ತಿದ್ದಳು. ಅದು ನನಗೆ ವಿಚಿತ್ರ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಎಷ್ಟು ದಡ್ಡ ನೋಡಿ ನಾನು!

ಸರಿ, ಹುಡುಕಾಟ ಶುರು ಮಾಡಿದೆ. ಬಸ್ ಏಜೆಂಟನಿಗಿಂತ ಒಳ್ಳೆಯ ಪತ್ತೇದಾರ ಸಿಗುತ್ತಾನೆಯೇ? ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿಯುವ ನನ್ನ ಕಿಟಕಿಯ ಮುಂದೆ ಎರಡು ತಾಲ್ಲೂಕು ಹಾದುಹೋಗುತ್ತದೆ. ಟಿಕೆಟ್ಟಿನ ಜೊತೆ ಒಂದು ಪ್ರಶ್ನೆ ಪುಕ್ಕಟೆ. "ಎಲ್ಲಿಗೆ? ಸೊರಬಕ್ಕೋ? ಮುತ್ತುಗದ ಎಲೆ, ಬಿಸಿ ಬಿಸಿ, ಕಾಳು ಕಾಳು, ಕಂದು ಬಣ್ಣ. ಏನಿರಬಹುದು?"

ಕೆಲವರು ಟಿಕೆಟ್ ಕೂಡ ಬೇಡ ಅನ್ನುವಂತೆ ಹಿಂದೆ ಸರಿದರು. ಆದರೆ ಬಹಳ ಜನ ನಿಂತು ಯೋಚಿಸಿದರು. ಸಿಹಿಯ ವಿಷಯ ಬಂದರೆ ನಮ್ಮ ಜನಕ್ಕೆ ಬಸ್ ಲೇಟಾದರೂ ಚಿಂತೆಯಿಲ್ಲ.

ತಾಳಗುಂದದ ಮುದುಕರೊಬ್ಬರು "ಅದು ಮಾದ್ಲಿ ಬಿಡ್ರೀ, ಅದರಾಗ ಏನೈತಿ ಯೋಚ್ನಿ" ಎಂದು ಖಂಡಿತವಾಗಿ ಹೇಳಿದರು. ಮರುವಾರ ಒಂದು ಡಬ್ಬಿ ತುಂಬ ತಂದೂ ಕೊಟ್ಟರು. ಬಹಳ ರುಚಿ. ಆದರೆ ಅದಲ್ಲ. ಈಸೂರಿನಿಂದ ಬಂದ ತಾಯಿಯೊಬ್ಬರು ಗಿಣ್ಣು ತಂದರು. ಅದೂ ಅಲ್ಲ. ಅದರಲ್ಲಿ ಕಾಳೆಲ್ಲಿ? ಸೊರಬದ ಕಡೆಯವರೊಬ್ಬರು ಹಾಲುಬಾಯಿ ಕಳಿಸಿದರು. ಇನ್ನೊಬ್ಬರು ಕಾಗದದಂಥ ತೊಡೆದೇವು ತಂದು, ಮುರಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತು ಮೈಲಿ ಕೂತು ಬಂದಿದ್ದರು. "ಇದಲ್ಲ ಸ್ವಾಮಿ" ಅನ್ನಲು ನನಗೆ ಬಾಯೇ ಬರಲಿಲ್ಲ. ತಿಂದೆ. ಎರಡು ತಿಂದೆ.

ಕಂಡಕ್ಟರುಗಳಿಗೆ ಇದೊಂದು ತಮಾಷೆಯಾಯಿತು. ಬಸ್ ಬಂದು ನಿಂತ ಕೂಡಲೇ "ಏಜೆಂಟ್ರ ಸಿಹಿ ಗೊತ್ತಿರೋರು ಮೊದ್ಲು ಇಳೀರಿ!" ಎಂದು ಕೂಗುತ್ತಿದ್ದರು.

ಮನೆಯಲ್ಲಿ ನಮ್ಮಾಕೆ ಎಲ್ಲವನ್ನೂ ನೋಡುತ್ತಿದ್ದಳು. ದಾವಣಗೆರೆ ಕಡೆಯವಳು. ಮಾತು ಖಡಕ್, ಕೈ ಧಾರಾಳ. ಒಂದು ಭಾನುವಾರ ಏನೂ ಹೇಳದೆ ಗೋದಿ ಹುಗ್ಗಿ ಮಾಡಿ ಮುತ್ತುಗದ ಎಲೆಯ ಮೇಲೆ ಬಡಿಸಿದಳು.

ನಾನು ಒಂದು ತುತ್ತು ಬಾಯಿಗಿಟ್ಟೆ. ಎದ್ದು ನಿಂತೆ!

"ಹತ್ತಿರ! ಬಹಳ ಹತ್ತಿರ! ಕಾಳು ಹೀಗೇ ಇತ್ತು!"

"ಹಾಗಾರ ಇದೇ. ಮುಗೀತು."

"ಇದಲ್ಲ."

"ಯಾಕಲ್ಲ?"

"ಕಾಳು ಇಷ್ಟು ದಪ್ಪ ಇರಲಿಲ್ಲ. ಮತ್ತೆ ಆ ವಾಸನೆ ಇಲ್ಲ."

"ನಿಮ್ಮೂರ ಕಡೆ ಆ ಕಾಲದಾಗ ಗೋದಿ ಎಲ್ಲಿತ್ರೀ?" ಎಂದು ಕೇಳಿದಳು ಅವಳು.

ಒಳ್ಳೆಯ ಪ್ರಶ್ನೆ. ಭತ್ತದ ಸೀಮೆ ನಮ್ಮದು. ಗೋದಿ ಎಂದರೆ ಅಂಗಡಿಯಿಂದ ಔಷಧಿಯ ಹಾಗೆ ತರುವ ವಸ್ತು. ಹಾಗಾದರೆ ಗೋದಿಯಂತೆ ಕಾಣುವ, ಗೋದಿಯಲ್ಲದ, ಭತ್ತವೂ ಅಲ್ಲದ ಆ ಕಾಳು ಯಾವುದು? ರಾಗಿಯಲ್ಲ, ನವಣೆಯಲ್ಲ. ಅಷ್ಟು ರುಚಿಯ ಕಾಳನ್ನು ಆಮೇಲೆ ಯಾರೂ ಬೆಳೆಯಲಿಲ್ಲ ಯಾಕೆ? ನನಗೆ ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಆ ಸಂತೆಯ ದಿನ ಬಂತು.

ಶಿರಾಳಕೊಪ್ಪದ ಏಜೆಂಟರಿಗೆ ಜ್ವರ. ಸಂತೆಯ ಗದ್ದಲ, ನೀವು ಹೋಗಿ ನೋಡಿಕೊಳ್ಳಿ ಎಂದು ನನ್ನನ್ನು ಕಳಿಸಿದ್ದರು. ಮಧ್ಯೆ ಸ್ವಲ್ಪ ಬಿಡುವು ಸಿಕ್ಕಿತು. ನಡೆದು ಹೋಗುತ್ತಿದ್ದೆ. ಸ್ಟ್ಯಾಂಡಿನ ಪಕ್ಕದಲ್ಲೇ ಬಿದಿರು ಹೆಣೆಯುವ ಮೇದಾರರ ಹೆಂಗಸೊಬ್ಬಳು ಬುಟ್ಟಿ, ಮೊರ, ಕುಕ್ಕೆ ಹರಡಿಕೊಂಡು ಕೂತಿದ್ದಳು. ಹಿಂದಿನ ದಿನವಷ್ಟೇ ಹೆಣೆದ ಬುಟ್ಟಿಗಳು, ಇನ್ನೂ ಹಸಿರು ಆರಿಲ್ಲ. ಬಿಸಿಲು ಬಿದ್ದಿತ್ತು. ಗಾಳಿ ಬೀಸಿತು.

ವಾಸನೆ ಬಂತು.

ಅದೇ! ನಿಂತಲ್ಲೇ ನಿಂತೆ. ಮುತ್ತುಗದ ಎಲೆ, ಕೈಗೆ ಹತ್ತಿದ ಬೆಲ್ಲ, ಪಕ್ಕದಲ್ಲಿ ಗೌರಕ್ಕನ ಲಂಗ, ಎದುರಿಗೆ ಅವ್ವನ ಮೊಣಕಾಲು, ಎಲ್ಲ ಒಂದೇ ಸಲ ಮುನ್ನುಗ್ಗಿ ಬಂತು. ಹೋಗಿ ಬುಟ್ಟಿ ಎತ್ತಿಕೊಂಡೆ. ಮುಖ ಒಳಗೆ ಹಾಕಿದೆ. ಆಮೇಲಿನದು ನಿಮಗೆ ಗೊತ್ತು.

ಬುಟ್ಟಿಯವಳ ಹೆಸರು ಹನುಮವ್ವ. ಅರವತ್ತರ ಮೇಲಾಗಿದೆ. ನಾನು ಬುಟ್ಟಿಯಿಂದ ಹೊರಗೆ ಬಂದು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಎರಡು ತಿಂಗಳಲ್ಲಿ ನಗದೆ ಕೇಳಿದವಳು ಅವಳೊಬ್ಬಳೇ.

"ಎಷ್ಟು ವರ್ಷ ಆತ್ರೀ ತಿಂದು?"

"ನಲವತ್ತೈದು ಆಗಿರಬೇಕು."

ಅವಳು ಬೆರಳು ಮಡಿಸಲೂ ಇಲ್ಲ. "ನೀವು ತಿಂದಿದ್ದು ಬಿದಿರಕ್ಕಿ" ಅಂದಳು.

ಬಿದಿರಕ್ಕಿ! ಹೆಸರು ಕೇಳಿದ್ದೆ, ಕಂಡಿರಲಿಲ್ಲ. ಎಷ್ಟೋ ಹಿರಿಯರಿಗೆ ಗೊತ್ತಿರುವ ವಿಷಯ. ನನಗೆ ಹನುಮವ್ವ ಬಿಡಿಸಿ ಹೇಳಬೇಕಾಯಿತು. ಬಿದಿರು ಹೂ ಬಿಡುವುದು ಒಂದು ಆಯುಸ್ಸಿಗೆ ಒಂದೇ ಸಲ. ನಲವತ್ತು ವರ್ಷಕ್ಕೋ ಐವತ್ತಕ್ಕೋ, ಕಾಡಿನ ಮೆಳೆಗಳೆಲ್ಲ ಒಟ್ಟಿಗೇ ತೆನೆ ತೂಗುತ್ತವೆ. ಬೇಸಿಗೆಯಲ್ಲಿ ಆ ತೆನೆಯಿಂದ ಅಕ್ಕಿ ಉದುರುತ್ತದೆ. ನೋಡಲು ಸಣ್ಣ ಗೋದಿಯ ಹಾಗೆ. ಗುಡಿಸಿ ತಂದು, ಕೇರಿ, ಒಣಗಿಸಿ, ಕುಟ್ಟಿದರೆ ಅನ್ನಕ್ಕೂ ಆದೀತು, ಗಂಜಿಗೂ ಆದೀತು.

ನನಗೆ ಕುಣಿಯುವುದೊಂದು ಬಾಕಿ. ಯಾರೂ ಹೆಸರು ಹೇಳಲಾಗದ್ದು ಯಾಕೆ? ನಲವತ್ತೈದು ವರ್ಷ ಯಾರೂ ಮಾಡದ್ದು ಯಾಕೆ? ಮಾಡುವುದಕ್ಕೆ ಕಾಳೇ ಇರಲಿಲ್ಲವಲ್ಲ! ಮರುಗಳಿಗೆಯೇ ಎದೆ ಕುಸಿಯಿತು. ಹಾಗಾದರೆ ಇನ್ನೊಂದು ಸಲ ತಿನ್ನುವುದು ಯಾವಾಗ? ಮತ್ತೆ ಹೂ ಬಿಡುವ ಹೊತ್ತಿಗೆ ನಾನಿರುತ್ತೇನೆಯೇ?

"ಮತ್ತೆ ಯಾವಾಗ ಹೂ ಬಿಡುತ್ತದೆ ಹನುಮವ್ವ?"

ಹನುಮವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು.

"ನೀವು ಬಸ್ಸಿನ್ಯಾಗ ದಿನಾ ಜನಾನ ಸೊರಬಕ್ಕ ಕಳಿಸ್ತೀರಿ. ದಾರಿ ಬದಿ ಮೆಳಿ ನೋಡಿಲ್ಲೇನ್ರಿ? ಈ ವರ್ಷಾನ ಬಿಟ್ಟೈತಿ. ಎಲ್ಲಾ ಒಣಗಾಕ ಹತ್ಯಾವು."

ಈ ವರ್ಷ! ಈ ಬೇಸಿಗೆ! ನಾನು ಹುಚ್ಚನಂತೆ ಪ್ರಶ್ನೆ ಕೇಳುತ್ತಿದ್ದ ಅದೇ ಎರಡು ತಿಂಗಳು ನನ್ನ ಸಿಹಿ ಇಪ್ಪತ್ತು ಮೈಲಿ ದೂರದ ಕಾಡಿನಲ್ಲಿ ಉದುರುತ್ತಾ ಇತ್ತು! ನಾನು ಜೋರಾಗಿ ನಕ್ಕುಬಿಟ್ಟೆ.

ಹನುಮವ್ವ ಆಗಲೂ ನಗಲಿಲ್ಲ. "ನಿಮಗ ನಗು ಬರ್ತೈತಿ ಯಜಮಾನ್ರೆ. ಹೂ ಬಿಟ್ಟ ಮೆಳಿ ಬದುಕಂಗಿಲ್ಲ. ಬುಡಸಮೇತ ಸಾಯ್ತೈತಿ. ಹೊಸ ಬಿದಿರು ಕತ್ತಿಗೆ ಬರಬೇಕಂದ್ರ ಹತ್ತಾರು ವರ್ಷ. ಅಲ್ಲೀತನಕ ನಾವು ಏನು ಹೆಣೀಬೇಕ್ರಿ? ನಮ್ಮ ಕೂದಲೇನು?"

ನನ್ನ ನಗು ಅಲ್ಲೇ ನಿಂತಿತು. ಹೌದಲ್ಲ! ನನಗೆ ಹಬ್ಬವಾದದ್ದು ಅವಳಿಗೆ ಸೂತಕ. ಅವಳ ಮುಂದೆ ಇದ್ದ ಆ ಹಸಿರು ಬುಟ್ಟಿಗಳೂ ದೂರದ, ಹೂ ಬಿಡದ ಕಾಡಿನಿಂದ ತಂದ ಬಿದಿರಿನವಂತೆ. ಅದನ್ನು ಹೊತ್ತು ತರುವಷ್ಟರಲ್ಲಿ ಮಗನ ಹೆಗಲು ಬಾತುಹೋಗಿದೆಯಂತೆ. ಬಸ್ಸಿನವರು ಬಿದಿರಿನ ಹೊರೆ ಹತ್ತಿಸುವುದಿಲ್ಲ, ಉದ್ದ ಅನ್ನುತ್ತಾರೆ.

"ನಾನು ಹತ್ತಿಸುತ್ತೇನೆ" ಅಂದೆ.

"ಯಾರ್ರೀ ನೀವು ಹತ್ತಿಸಾಕ?"

"ಬಸ್ ಏಜೆಂಟ್."

ಆಗ ಹನುಮವ್ವ ಮೊದಲ ಸಲ ನೆಟ್ಟಗೆ ಕೂತಳು. ಎರಡು ನಿಮಿಷದಲ್ಲಿ ಕರಾರಾಯಿತು. ಅವಳ ಹೊರೆ ಬಸ್ಸಿನ ತಲೆಯ ಮೇಲೆ ಬರಬೇಕು. ನನಗೆ ಅವಳು ಕುಟ್ಟಿಟ್ಟ ಬಿದಿರಕ್ಕಿ ಎರಡು ಸೇರು. ಗುಡಿಸಲಿಗೆ ಹೋಗಿ ತಂದು, ನನ್ನ ಟವೆಲ್ಲಿನಲ್ಲಿ ಸುರಿದು ಗಂಟು ಕಟ್ಟಿ ಕೊಟ್ಟಳು. "ತಗೊಂಡು ಹೋಗ್ರಿ. ಬೆಲ್ಲ ಜಾಸ್ತಿ ಹಾಕ್ರಿ, ಇಲ್ಲಂದ್ರ ಒಗರು" ಎಂದಳು.

ಮರುದಿನ ರಜೆ ಹಾಕಿದೆ. ನಮ್ಮಾಕೆಯನ್ನು ಹೊರಡಿಸಿದೆ. ಮೊದಲ ಬಸ್ಸಿಗೆ ಸೊರಬ. ದಾರಿಯುದ್ದಕ್ಕೂ ಕಿಟಕಿಯಿಂದ ಕತ್ತು ಚಾಚಿ ಕೂತಿದ್ದೆ. ಹನುಮವ್ವ ಹೇಳಿದ್ದು ನಿಜ. ಮೆಳೆಗಳಿಗೆ ಮೆಳೆಗಳೇ ಎಲೆ ಕಳಚಿಕೊಂಡು, ತುದಿಯಿಂದ ಬುಡದವರೆಗೆ ಒಣ ತೆನೆ ಹೊತ್ತು, ಹುಲ್ಲಿನ ಬಣ್ಣಕ್ಕೆ ತಿರುಗಿ ನಿಂತಿದ್ದವು. ಎಷ್ಟು ಸಲ ನೋಡಿದ್ದೆ! ಬಿಸಿಲಿಗೆ ಒಣಗಿದೆ ಅಂದುಕೊಂಡಿದ್ದೆ.

"ಇಷ್ಟು ಅವಸರ ನಮ್ಮ ಮದುವಿಗೂ ಮಾಡಿರಲಿಲ್ಲ ನೀವು" ಎಂದಳು ನಮ್ಮಾಕೆ.

ಗೌರಕ್ಕನ ಮನೆ ಮುಟ್ಟಿದಾಗ ಬೆಳಗಿನ ತಿಂಡಿಯ ಹೊತ್ತು. ಭಾವ ಬಸಪ್ಪನವರು ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಅರವತ್ತೈದು ದಾಟಿದ ಆಳು, ಮಾತು ಕಡಿಮೆ. ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನೋ ತಮ್ಮಾ, ಹೇಳ್ದೆ ಕೇಳ್ದೆ ಬಂದೆ? ಎಲ್ಲಾ ಚೆನ್ನಾಗಿದೀರಾ?"

ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡೆ. ಟವೆಲ್ಲಿನ ಗಂಟು ಬಿಚ್ಚಿ ಸುರಿದೆ.

"ಅಕ್ಕಾ, ಹೆಸರು ಸಿಕ್ಕಿತು! ಬಿದಿರಕ್ಕಿ! ನನಗೆ ಕನಸು ಬಿದ್ದಿರಲಿಲ್ಲ!"

ಅವಳು ಕುಣಿದಾಳು ಅಂದುಕೊಂಡಿದ್ದೆ. ಅಕ್ಕ ಮೊರ ನೋಡಿದಳು. ಆಮೇಲೆ ಭಾವನ ಮುಖ ನೋಡಿದಳು. ಅವಳ ಮುಖದ ಬಣ್ಣವೇ ಹೋಯಿತು. ಕಂಬ ಹಿಡಿದುಕೊಂಡು ಹಾಗೇ ಕೆಳಗೆ ಕೂತಳು.

"ಇದನ್ನ ಯಾಕೆ ತಂದ್ಯೋ ಇಲ್ಲಿಗೆ?" ಎಂದಳು. ದನಿ ಕೇಳಿಸದಷ್ಟು ಸಣ್ಣಗಿತ್ತು.

ನಮ್ಮಾಕೆ ಓಡಿ ನೀರು ತಂದಳು. ನಾನು ಕಕ್ಕಾಬಿಕ್ಕಿ. ಹೆದರಿಕೆಯೂ ಆಯಿತು. ಏನು ತಪ್ಪು ಮಾಡಿದೆ? ಒಂದು ಸಿಹಿಯ ಹೆಸರಲ್ಲವೇ ನಾನು ಕೇಳಿದ್ದು?

ನೀರು ಕುಡಿದ ಮೇಲೆ ಅಕ್ಕ ಮೊರವನ್ನು ಹತ್ತಿರ ಎಳೆದುಕೊಂಡಳು. ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಉದುರಿಸಿದಳು. ಭಾವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ಹೇಳಿದಳು.

"ಹಬ್ಬ ಅಂದ್ಕಂಡಿದೀಯಲ್ಲ ನೀನು. ಆ ವರ್ಷ ನಮ್ಮನೇಲಿ ಅನ್ನಕ್ಕೇ ಗತಿ ಇರ್ಲಿಲ್ಲ ಕಣೋ."

ಆ ವರ್ಷ ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತಂತೆ. ಕೊಯ್ದು ಹಾಕಿದ ಭತ್ತ ಗದ್ದೆಯಲ್ಲೇ ಮೊಳಕೆ ಬಂತು. ಕಣಜ ತಳ ಕಂಡಿತು. ನಮ್ಮದು ಊರಿನಲ್ಲಿ ಹೆಸರಿದ್ದ ಮನೆ. ಬೇರೆಯವರ ಬಾಗಿಲಿಗೆ ಹೋಗಿ ಒಂದು ಸೇರು ಅಕ್ಕಿ ಕೇಳುವುದು ಅಪ್ಪನಿಂದ ಆಗಲಿಲ್ಲ. ಬೇಸಿಗೆಯಲ್ಲಿ ಕಾಡಿನಲ್ಲಿ ಬಿದಿರಕ್ಕಿ ಉದುರಿತು. ಏನೂ ಇಲ್ಲದವರು ಹಾಡಹಗಲೇ ಹೋಗಿ ಗುಡಿಸಿ ತಂದರು. ನಮ್ಮಂಥವರು?

"ಅವ್ವ, ನಾನು ದರಗು ತರಕ್ಕೆ ಅಂತ ಹೋಗ್ತಿದ್ವಿ. ಕೊಟ್ಟಿಗೆಗೆ ಹಾಸಕ್ಕೆ ಒಣ ಎಲೆ ಬೇಕಲ್ಲ. ಬುಟ್ಟಿ ತಳದಲ್ಲಿ ಅಕ್ಕಿ, ಮೇಲೆ ದರಗು. ಯಾರು ಸಿಕ್ಕಿದ್ರೂ ಅವ್ವ ನಿಂತು ಮಾತಾಡ್ಸೋಳು, ಹೆದರ್ತಾನೇ ಇರ್ಲಿಲ್ಲ. ನಾನಾದ್ರೆ ಅವಳ ಸೆರಗಿನ ಹಿಂದೆ ಅವಿತ್ಕಂತಿದ್ದೆ."

"ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ?"

ಅಕ್ಕನ ಮುಖದಲ್ಲಿ ಸಣ್ಣ ನಗು ಬಂತು. "ಮನೆಗೆ ತಂದು ಕುಟ್ಬೇಕಲ್ಲ. ಒನಕೆ ಸದ್ದು ಅಡಗಿಸಕ್ಕೆ ಆಗುತ್ತಾ? ಅವ್ವ ಏನ್ಮಾಡಿದ್ಲು ಗೊತ್ತಾ? ಬೇಕಂತ್ಲೇ ಜೋರಾಗಿ ಕುಟ್ಟಕ್ಕೆ ಶುರು ಮಾಡಿದ್ಲು! ಬಾಗ್ಲು ತೆಗ್ದಿಟ್ಟು ಕುಟ್ಟೋಳು. ಊರವ್ರು, ಅಯ್ಯೋ ಅವ್ರ ಮನೇಲಿ ಇನ್ನೂ ಭತ್ತ ಐತೆ ಅಂದ್ಕಂಡ್ರು."

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನನ್ನ ಅವ್ವ! ನನಗೆ ಅವಳ ಮೊಣಕಾಲು ಮಾತ್ರ ನೆನಪಿದ್ದ ಅವ್ವ!

"ನೀನು ಮಾತ್ರ ಆ ಗಂಜಿ ಮುಟ್ತಾನೇ ಇರ್ಲಿಲ್ಲ. ಒಗರು ಅಂತ ಉಗುಳ್ತಿದ್ದೆ. ಎರಡು ದಿನ ಏನೂ ತಿನ್ನಲಿಲ್ಲ. ಅವ್ವ ದೇವರ ಗೂಡಲ್ಲಿ ಎತ್ತಿಟ್ಟಿದ್ದ ಬೆಲ್ಲದಚ್ಚು ತೆಗೆದ್ಲು. ಅದೊಂದೇ ಉಳಿದಿದ್ದು. ಅದಷ್ಟನ್ನೂ ಹಾಕಿ, ಹಿತ್ತಲ ಕಾಯಿ ತುರ್ದು ಹಾಕಿ ಕಾಯ್ಸಿ, ಎಲೆ ಮೇಲೆ ಬಡ್ಸಿ, ಇವತ್ತು ಹಬ್ಬ ಅಂದ್ಲು. ಯಾವ ಹಬ್ಬ ಅಂತ ನೀನು ಕೇಳ್ದೆ. ಹೊಟ್ಟೆ ತುಂಬಿದ್ಮೇಲೆ ಹೇಳ್ತೀನಿ ಅಂದ್ಲು. ಹೊಟ್ಟೆ ತುಂಬ್ತು, ನೀನು ಮಲಗಿಬಿಟ್ಟೆ."

ನಾನು ಮೊರದ ಕಾಳನ್ನು ಬೆರಳಿನಿಂದ ಸರಿಸುತ್ತಾ ಕೂತೆ. 

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಅಕ್ಕಾ?"

"ಆಣೆ ಹಾಕ್ಸಿದ್ಲು ಕಣೋ. ಮುಂದಿನ ವರ್ಷವೇ ನನ್ನ ಮದುವೆ ಮಾತು ಬಂತು. ಬಿದಿರಕ್ಕಿ ಗುಡಿಸಿ ತಿಂದವರ ಮನೆ ಹೆಣ್ಣು ಅಂದ್ರೆ ಯಾರು ತರ್ತಾರೆ? ಸಾಯೋತನಕ ಬಾಯಿ ಬಿಡಬೇಡ, ಗಂಡನ ಮನೇಲಂತೂ ಬಿಡಲೇಬೇಡ ಅಂದಿದ್ಲು. ಇವತ್ತಿಗೂ ಬಿಟ್ಟಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನೀನು ಬಂದು ಗಂಡನ ಮುಂದೇ ಸುರಿದ್ಯಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಸರು ಹುಡುಕುವ ಉತ್ಸಾಹದಲ್ಲಿ ಅಕ್ಕನ ನಲವತ್ತು ವರ್ಷದ ಗುಟ್ಟನ್ನು ಜಗುಲಿಯ ಮೇಲೆ ಚೆಲ್ಲಿದ್ದೆ. ಭಾವನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಹಗ್ಗ ಹೊಸೆಯುವುದನ್ನು ಯಾವಾಗಲೋ ನಿಲ್ಲಿಸಿದ್ದರು.

ಎದ್ದು ಬಂದರು. ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಅಗಿದರು.

"ನಮ್ಮನೇಲಿ ಇದಕ್ಕೆ ಮಜ್ಜಿಗೆ ಹಾಕ್ತಿದ್ರು" ಎಂದರು.

ಅಕ್ಕ ತಲೆ ಎತ್ತಿದಳು. "ಏನಂದ್ರಿ?"

"ಮೂರು ತಿಂಗ್ಳು ತಿಂದಿದೀವಿ. ನಾನು, ನಮ್ಮಣ್ಣ, ಸೌದೆ ತರಕ್ಕೆ ಅಂತ ಹೋಗ್ತಿದ್ವು. ನಮ್ಮದು ಸೌದೆ ಹೊರೆ ಒಳಗೆ."

"ನೀವೂನಾ?"

"ಹ್ಞೂಂ ಮತ್ತೆ. ಅಪ್ಪ ಹೇಳಿದ್ದ, ಸೊಸೆ ಬಂದ್ಮೇಲೆ ಈ ಮಾತು ಎತ್ತಿದ್ರೆ ಚರ್ಮ ಸುಲೀತೀನಿ ಅಂತ." ಭಾವ ಅಕ್ಕನ ಮುಖವನ್ನೇ ನೋಡಿದರು. ಅವರ ಮೀಸೆ ಅದುರತೊಡಗಿತ್ತು. "ಅದ್ಸರಿ, ನಿಮ್ಮಪ್ಪನ ಮನೇಗೆ ಹೆಣ್ಣು ಕೇಳಕ್ಕೆ ನಮ್ಮಪ್ಪ ಯಾಕೆ ಬಂದಿದ್ದು ಗೊತ್ತಾ? ಅಂಥಾ ವರ್ಷದಲ್ಲೂ ಆ ಮನೇಲಿ ಒನಕೆ ಸದ್ದು ನಿಂತಿರ್ಲಿಲ್ಲ, ಭಾರೀ ಕುಳ ಅಂತ ಯಾರೋ ಹೇಳಿದ್ರು!"

ಅಕ್ಕ ಭಾವನನ್ನೇ ಕಣ್ಣು ಬಿಟ್ಟು ನೋಡಿದಳು. ಆಮೇಲೆ ಅಕ್ಕ ನಗಲು ಶುರು ಮಾಡಿದಳು. ಎಂಥಾ ನಗು! ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಭಾವ ನಕ್ಕರು. ನಮ್ಮಾಕೆ ನಕ್ಕಳು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಪಕ್ಕದ ಮನೆಯವರು ಬಂದು ಬೇಲಿಯಾಚೆ ನಿಂತರು.

"ಅಯ್ಯೋ ಶಿವನೇ," ಎಂದಳು ಅಕ್ಕ ಏದುಸಿರು ಬಿಡುತ್ತಾ, "ಇಷ್ಟು ವರ್ಷ ನಾನೊಬ್ಳೇ ಹೊಟ್ಟೇಲಿ ಇಟ್ಕಂಡು ಬೆಂದೆ. ನೀವೂ ಒಂದು ಮಾತು ಹೇಳಬಾರದಿತ್ತಾ?"

"ನೀನು ಹೇಳಿದ್ಯಾ?" ಎಂದರು ಭಾವ.

ಯೋಚನೆ ಮಾಡಿ. ಒಂದೇ ಒಲೆಯ ಮುಂದೆ ಕೂತು ಉಂಡ ಗಂಡಹೆಂಡತಿ. ಇಬ್ಬರೂ ಒಂದೇ ಕಾಡನ್ನು ಗುಡಿಸಿದವರು. ಇಬ್ಬರೂ ಇನ್ನೊಬ್ಬರು ದೊಡ್ಡ ಮನೆಯವರು ಎಂದು ಹೆದರಿ ಬಾಳಿದವರು. ಹಸಿವನ್ನು ಬಚ್ಚಿಡಲು ನಾವು ಪಡುವ ಕಷ್ಟದ ಅರ್ಧದಷ್ಟು ಕಷ್ಟ ಹಸಿವಿನಲ್ಲೇ ಇರುವುದಿಲ್ಲವೇನೋ!

ಮಧ್ಯಾಹ್ನ ಅಕ್ಕ ತಾನೇ ಒಲೆಯ ಮುಂದೆ ಕೂತಳು. ನಮ್ಮಾಕೆಗೆ ಸೌಟು ಮುಟ್ಟಲು ಬಿಡಲಿಲ್ಲ. ಕಾಳು ಬೇಯಲು ಬಹಳ ಹೊತ್ತು ಹಿಡಿಯಿತು. ಹೊಗೆಯ ನಡುವೆ ಆ ವಾಸನೆ ಎದ್ದಾಗ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಹೋಗಿ ಕೂತೆ. (ಏಳಿಸಲು ಅಕ್ಕ ಎರಡು ಸಲ ಗದರಿದಳು. ಏಳಲಿಲ್ಲ.) ಬೆಲ್ಲ ಬಿತ್ತು, ಕಾಯಿ ಬಿತ್ತು, ಭಾವ ಹಿತ್ತಲಿನಿಂದ ಮುತ್ತುಗದ ಎಲೆ ಕೊಯ್ದು ತಂದರು.

ರುಚಿ ಹೇಗಿತ್ತು? ನಿಜ ಹೇಳಬೇಕೇ? ಅಷ್ಟು ಬೆಲ್ಲ ಸುರಿದರೂ ಒಗರು ಹೋಗಿರಲಿಲ್ಲ. ಅಗಿದು ಅಗಿದು ದವಡೆ ನೋವು. ನಮ್ಮಾಕೆ ಎರಡು ತುತ್ತು ತಿಂದು, "ಇದಕ್ಕೇನ್ರೀ ನೀವು ನನ್ನ ಹುಗ್ಗಿ ಬ್ಯಾಡ ಅಂದಿದ್ದು?" ಎಂದು ಕಣ್ಣು ದೊಡ್ಡದು ಮಾಡಿದಳು. ಅವಳ ಹುಗ್ಗಿಯೇ ಚೆನ್ನಾಗಿತ್ತು. ಇದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಆದರೂ ನಾನು ಮೂರು ಸಲ ಹಾಕಿಸಿಕೊಂಡೆ. ಅಕ್ಕ, ಭಾವ ಎದುರುಬದುರು ಕೂತು, ನಿಮ್ಮ ಮನೆಯಲ್ಲಿ ಹೇಗೆ ಕೇರುತ್ತಿದ್ದಿರಿ, ನಿಮ್ಮಲ್ಲಿ ಯಾರು ಸಿಕ್ಕಿಬೀಳುತ್ತಿದ್ದರು ಎಂದು ಹೊಸದಾಗಿ ಮದುವೆಯಾದವರ ಹಾಗೆ ಮಾತಾಡುತ್ತಲೇ ಇದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಇಲ್ಲಿ ಒಂದು ಮಾತು. ಕರಾರು ಕರಾರೇ. ಮರಳಿ ಬಂದ ಮೇಲೆ ಡ್ರೈವರನ ಜೊತೆ ಅರ್ಧ ಗಂಟೆ ಜಗಳವಾಡಿದೆ. "ಬಿದಿರು ಹಾಕಿದ್ರೆ ಬಸ್ಸಿಗೆ ಕೊಂಬು ಬಂದಂಗೆ ಕಾಣುತ್ತೆ ಸಾರ್" ಅಂದ. ಬರಲಿ ಬಿಡು ಅಂದೆ. ಹನುಮವ್ವನ ಹೊರೆ ಎರಡು ವಾರದಿಂದ ಬಸ್ಸಿನ ತಲೆಯ ಮೇಲೆ ಬರುತ್ತಿದೆ. ಕಾಡಿನಲ್ಲಿ ಹೊಸ ಬಿದಿರು ಏಳುವವರೆಗೂ ಬರುತ್ತದೆ, ನಾನು ಆ ಕಿಟಕಿಯಲ್ಲಿ ಕೂತಿರುವ ತನಕವಂತೂ ಖಂಡಿತ.

ಸೊರಬದಿಂದ ಹೊರಡುವಾಗ ಅಕ್ಕ ಬಸ್ಸಿನವರೆಗೂ ಬಂದಿದ್ದಳು. ನನ್ನ ಕೋಟಿನ ಜೇಬಿನಲ್ಲಿ ಪೆನ್ಸಿಲು, ಕಾಗದ ಇದ್ದದ್ದು ಅವಳ ಕಣ್ಣಿಗೆ ಬಿತ್ತು.

"ಇದನ್ನೂ ಪೇಪರಿಗೆ ಬರೀತೀಯಾ?" ಎಂದು ಕೇಳಿದಳು.

ನಾನು ಸಿಕ್ಕಿಬಿದ್ದ ಕಳ್ಳನಂತಾದೆ. "ಬೇಡ ಅಂದರೆ ಬರೆಯುವುದಿಲ್ಲ ಅಕ್ಕಾ. ಯಾರದೋ ಮನೆಯ ಕತೆ ಅಂತ ಬರೆದರೂ ಆಯಿತು. ಹೆಸರು ಹಾಕುವುದಿಲ್ಲ."

ಕಂಡಕ್ಟರು ರೈಟ್ ಅಂದ. ಬಸ್ ಅಲುಗಿತು. ಅಕ್ಕ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆಯುತ್ತಾ ಬಂದು ಕಿಟಕಿಯ ಸರಳು ಹಿಡಿದುಕೊಂಡಳು.

"ಹೆಸರು ಹಾಕು. ಅವ್ವಂದೂ ಹಾಕು. ಗಟ್ಟಿಯಾಗಿ ಬರಿ" ಎಂದಳು.

ಹಾಕಿದ್ದೇನೆ. ನನ್ನ ಅಕ್ಕ ಗೌರಮ್ಮ. ನನ್ನ ಅವ್ವ ಸಿದ್ದಮ್ಮ.

ಇನ್ನು ನೀವು ಹೇಳಿ, ಆ ವರ್ಷ ನಿಮ್ಮ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು?